ಯುದ್ಧ ಮಾಡುತ್ತಲೇ ಒಟ್ಟಿಗೆ ಸಭೆ ಕೂರುವ ತೈಲ ದೇಶಗಳು: ಇದು ಹೇಗೆ?

ಮಾನ್ವಿ ಟೇಲೆಂಡ್

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಗದ್ದೆಗೆ ಭತ್ತ ಕಟಾವಿನ ಮಷಿನ್ ಬಂದಿತ್ತು. ನಡುವೆ ಡೀಸೆಲ್ ಮುಗಿಯಿತು. ಹುಡುಗ ಕ್ಯಾನ್ ಹಿಡಿದು ಬಂಕಿಗೆ ಹೋದ. ನಾವು ಬೇವಿನ ಮರದ ಕೆಳಗೆ ಕೂತೆವು. ಆಗ ನಮ್ಮಣ್ಣ ಒಂದು ಮಾತು ಕೇಳಿದ. ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಣ್ಣ 1990ರಲ್ಲಿ ಕುವೈತಿನಲ್ಲಿ ಕೆಲಸಕ್ಕಿದ್ದ. ಆಗಸ್ಟ್ 2ರ ಬೆಳಗಿನ ಜಾವ ಇರಾಕ್ ಸೈನ್ಯ ಒಳಗೆ ಬಂತು. ಅಣ್ಣ ಬಾಕಿ ಪಗಾರ ಬಿಟ್ಟು, ಪೆಟ್ಟಿಗೆ ಬಿಟ್ಟು, ಬಸ್ ಹತ್ತಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಗೆ ಬಂದ. ಅಲ್ಲಿ ಟೆಂಟಿನಲ್ಲಿ ಹನ್ನೊಂದು ದಿನ. ನೀರಿಗೆ ಸಾಲು, ರೊಟ್ಟಿಗೆ ಸಾಲು. ಆಮೇಲೆ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈ. ಆ ಸಲ ಹೀಗೆ ಬಂದ ಭಾರತೀಯರು ಸುಮಾರು 1,70,000 ಮಂದಿ.

ಅವನ ಪ್ರಶ್ನೆ ಇಷ್ಟೇ. ಇರಾಕ್, ಕುವೈತ್ ಎರಡೂ ಅರಬ್ ದೇಶ. ಭಾಷೆ ಒಂದೇ, ಧರ್ಮ ಒಂದೇ. ಇರಾನ್ ಜೊತೆ ಎಂಟು ವರ್ಷ ಯುದ್ಧ ಮಾಡುವಾಗ ಇರಾಕಿಗೆ ಸಾಲ ಕೊಟ್ಟವರಲ್ಲಿ ಕುವೈತೂ ಒಬ್ಬರು. ಸಾಲ ಕೊಟ್ಟವನ ಮನೆ ಮೇಲೆ ಯಾಕೆ ಬಿದ್ದರು?

ನನಗೆ ತೋಚಿದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯವರು. ಮೇಲಿನವರು ತೂಬು ಜಾಸ್ತಿ ಎತ್ತಿದರೆ 69ನೇ ಮೈಲಿನಲ್ಲಿ ಗೇಜ್ ಇಳಿಯುತ್ತದೆ, ನಮ್ಮ ಗದ್ದೆ ಬಿರಿಯುತ್ತದೆ. ತೈಲದಲ್ಲಿ ಇದು ಸ್ವಲ್ಪ ಉಲ್ಟಾ. ಅಲ್ಲಿ ಒಬ್ಬ ಜಾಸ್ತಿ ಎತ್ತಿದರೆ ಇನ್ನೊಬ್ಬನಿಗೆ ಮಾಲು ಕಡಿಮೆ ಆಗುವುದಿಲ್ಲ, ಎಲ್ಲರ ಮಾಲಿನ ಬೆಲೆ ಬೀಳುತ್ತದೆ. ಅದಕ್ಕೇ ತೈಲ ಮಾರುವ ದೇಶಗಳ ಕೂಟ ಒಪೆಕ್‌ನಲ್ಲಿ ಯಾರು ಎಷ್ಟು ಎತ್ತಬೇಕು ಅಂತ ಕೋಟಾ ಹಾಕಿಕೊಂಡಿದ್ದರು. 1990ರಲ್ಲಿ ಕುವೈತ್ ಮತ್ತು ಎಮಿರೇಟ್ಸ್ (ಯುಎಇ) ತಮ್ಮ ಕೋಟಾ ಮೀರಿ ತೈಲ ಎತ್ತುತ್ತಿವೆ ಅಂತ ಇರಾಕ್ ದೂರುತ್ತಿತ್ತು. ಬ್ಯಾರೆಲ್ ಬೆಲೆ ಒಂದು ಡಾಲರ್ ಬಿದ್ದರೆ ನಮಗೆ ವರ್ಷಕ್ಕೆ 100 ಕೋಟಿ ಡಾಲರ್ ಖೋತಾ ಅನ್ನುವುದು ಅವರ ಲೆಕ್ಕ. ಮೇಲಿಂದ ಯುದ್ಧದ ಸಾಲ. ಮೂರನೆಯದು ರುಮೈಲಾ. ಗಡಿಯ ಎರಡೂ ಕಡೆ ಚಾಚಿದ ಆ ತೈಲ ನಿಕ್ಷೇಪದಲ್ಲಿ ಕುವೈತ್ ನಮ್ಮ ಪಾಲನ್ನೂ ಎಳೆದುಕೊಂಡಿತು ಅಂತ ಇರಾಕ್ ಆರೋಪ ಮಾಡಿತು.

ಜುಲೈ ಕೊನೆಗೆ ಜಿನೀವಾದಲ್ಲಿ ಒಪೆಕ್ ಸಭೆ ಸೇರಿ ಬೆಲೆಯನ್ನು 21 ಡಾಲರಿಗೆ ಏರಿಸಲು ಒಪ್ಪಿತು. ಗಡಿಯಲ್ಲಿ ಇರಾಕ್ ಸೈನ್ಯ ನಿಂತಾಗಲೇ ಆದ ಒಪ್ಪಂದ ಅದು. ಒಂದು ವಾರದಲ್ಲಿ ಸೈನ್ಯ ಒಳಗೆ ನುಗ್ಗಿತು. ಅಂದರೆ ಇರಾಕ್ ಕೇಳಿದ್ದು ಸುಮಾರಾಗಿ ಸಿಕ್ಕಿತ್ತು, ಅಲ್ವಾ? ಆದರೂ ಯಾಕೆ? ತಿಳಿದವರು ಹೇಳಿ.

ಸಂಡೂರು ಲಾರಿ

ಅಣ್ಣಾ, ನಿಮ್ಮ ಅಣ್ಣನವರಿಗೆ ನನ್ನ ನಮಸ್ಕಾರ ಹೇಳಿ.

ಬೆಲೆ ಏರಿಸಲು ಒಪ್ಪಿದರೂ ಹಳೇ ಸಾಲ ತೀರುವುದಿಲ್ಲ. ಬೆಲೆ ಏರಿದರೆ ದುಡ್ಡು ಬರುವುದು ಮುಂದೆ, ಸಾಲ ಕೊಟ್ಟವನು ಬಾಗಿಲಿಗೆ ಬಂದಿರುವುದು ಇವತ್ತು. ಇಲ್ಲಿ ಅದಿರಿನ ಬೆಲೆ ಏರಿದ ಕಾಲದಲ್ಲಿ ಸಾಲ ಮಾಡಿ ಲಾರಿ ಕೊಂಡವರು ಎಷ್ಟು ಮಂದಿ! ಗಣಿ ನಿಂತ ಮೇಲೂ ಕಂತು ನಿಲ್ಲಲಿಲ್ಲ. ನಾನು ಎರಡು ಲಾರಿ ಮಾರಿದೆ. ಸಾಲ ತಲೆ ಮೇಲಿದ್ದಾಗ ಅಣ್ಣತಮ್ಮಂದಿರ ನಡುವೆ ಮಾತು ಹೇಗೆ ಬದಲಾಗುತ್ತದೆ ಅಂತ ನನ್ನ ಮನೆಯಲ್ಲೇ ಕಂಡಿದ್ದೇನೆ.

ಬಳ್ಳಾರಿ ಕೋಟೆ

ತೈಲ, ಕೋಟಾ ಎಲ್ಲ ಮೇಲಿನ ಮಾತು. ಅಲ್ಲಿ ನಿಜವಾದ ಜಗಳ ಶಿಯಾ, ಸುನ್ನಿ. ಇರಾನ್ ಒಂದು ಕಡೆ, ಸೌದಿ ಒಂದು ಕಡೆ. 2016ರ ಜನವರಿಯಲ್ಲಿ ಸೌದಿ ಒಬ್ಬ ಶಿಯಾ ಧರ್ಮಗುರುವಿಗೆ ಮರಣದಂಡನೆ ಕೊಟ್ಟಿತು. ಟೆಹರಾನ್‌ನಲ್ಲಿ ಸೌದಿ ರಾಯಭಾರ ಕಚೇರಿಗೆ ಜನ ನುಗ್ಗಿ ಬೆಂಕಿ ಹಚ್ಚಿದರು. ಸೌದಿ ಸಂಬಂಧ ಕಡಿದುಕೊಂಡಿತು. ಇದರಲ್ಲಿ ತೈಲ ಎಲ್ಲಿದೆ?

ಕೊಪ್ಪಳ ಲೆಕ್ಚರರ್

ಕೋಟೆ ಸರ್, ಆ ಘಟನೆಯಲ್ಲಿ ತೈಲ ಇಲ್ಲ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಅದೇ ವರ್ಷದ ಕೊನೆ ನೋಡಿ. ಜನವರಿಯಲ್ಲಿ ಸಂಬಂಧ ಕಡಿದುಕೊಂಡಿದ್ದ ಎರಡೂ ದೇಶ ನವೆಂಬರ್ 30ರಂದು ವಿಯೆನ್ನಾದಲ್ಲಿ ಒಂದೇ ಒಪ್ಪಂದಕ್ಕೆ ಬಂದವು. ಉಳಿದವರು ಉತ್ಪಾದನೆ ಇಳಿಸಬೇಕು, ದಿಗ್ಬಂಧನದಿಂದ ಆಗ ತಾನೇ ಹೊರಬಂದ ಇರಾನ್ ಸ್ವಲ್ಪ ಏರಿಸಬಹುದು ಅಂತ. ಸೌದಿ ಇದಕ್ಕೆ ಒಪ್ಪಿತು. ಬೆಲೆ ಆ ವರ್ಷದ ಆರಂಭದಲ್ಲಿ 30 ಡಾಲರಿಗೂ ಕೆಳಗೆ ಹೋಗಿತ್ತು. ಇಬ್ಬರ ಖಜಾನೆಯೂ ಬರಿದಾಗುತ್ತಿತ್ತು. ರಾಯಭಾರ ಕಚೇರಿಗೆ ಬೀಗ ಬಿದ್ದಿದ್ದರೂ ತೈಲ ಮಂತ್ರಿಗಳು ಮಾತಾಡುತ್ತಿದ್ದರು. ರಾಜತಾಂತ್ರಿಕ ಸಂಬಂಧ ಮತ್ತೆ ಶುರುವಾಗಲು 2023ರ ಮಾರ್ಚ್ ತನಕ ಕಾಯಬೇಕಾಯಿತು, ಅದೂ ಬೀಜಿಂಗ್‌ನಲ್ಲಿ ಕೂತು.

ಧರ್ಮ, ಪಕ್ಷ ಒಂದೇ ಇದ್ದರೆ ಸಾಕು ಅನ್ನುವುದಕ್ಕೆ ಸಿರಿಯಾ, ಇರಾಕ್ ಕಥೆ ಕೇಳಿ. ಎರಡೂ ಅರಬ್, ಎರಡೂ ಕಡೆ ಬಾತ್ ಪಕ್ಷದ್ದೇ ಆಡಳಿತ. ಇರಾಕಿನ ಕಿರ್ಕುಕ್ ತೈಲ ಸಿರಿಯಾದ ನೆಲ ದಾಟಿ ಬನಿಯಾಸ್ ಬಂದರಿಗೆ ಹೋಗುತ್ತಿತ್ತು. 1982ರ ಏಪ್ರಿಲ್‌ನಲ್ಲಿ, ಇರಾನ್ ಜೊತೆ ಯುದ್ಧ ನಡೆಯುವಾಗಲೇ, ಸಿರಿಯಾ ಆ ಪೈಪನ್ನು ಮುಚ್ಚಿತು. ಸಿರಿಯಾಕ್ಕೆ ಕಡಿಮೆ ಬೆಲೆಗೆ ತೈಲ ಕೊಟ್ಟಿದ್ದು ಇರಾನ್. ಇರಾಕ್ ಬಡಿದಾಡಿಕೊಂಡು ತುರ್ಕಿ ಕಡೆಯ ಪೈಪ್ ದೊಡ್ಡದು ಮಾಡಿತು, ಸೌದಿ ಮೂಲಕ ಇನ್ನೊಂದು ಎಳೆಯಿತು. ಪೈಪ್ ಹೋದ ದಿಕ್ಕಿಗೆ ಅದರ ಸ್ನೇಹವೂ ಹೋಯಿತು.

ಕತಾರ್ ವಿಷಯ ನನಗೆ ಇನ್ನೂ ಆಶ್ಚರ್ಯ. 2017ರ ಜೂನ್‌ನಲ್ಲಿ ಸೌದಿ, ಎಮಿರೇಟ್ಸ್, ಬಹರೇನ್, ಈಜಿಪ್ಟ್ ಸೇರಿ ಕತಾರಿಗೆ ಬಹಿಷ್ಕಾರ ಹಾಕಿದವು. ವಿಮಾನ ಇಲ್ಲ, ಹಡಗು ಇಲ್ಲ, ಗಡಿ ಬಂದ್. ಆದರೆ ಕತಾರಿನಿಂದ ಎಮಿರೇಟ್ಸಿಗೆ ಸಮುದ್ರದಡಿ ಹೋಗುವ ಡಾಲ್ಫಿನ್ ಅನಿಲ ಪೈಪ್ ಒಂದು ದಿನವೂ ನಿಲ್ಲಲಿಲ್ಲ. ಬಹಿಷ್ಕಾರ ಹಾಕಿದವರ ಮನೆಯ ದೀಪಕ್ಕೆ ಬಹಿಷ್ಕೃತರ ಅನಿಲ. ಮೂರೂವರೆ ವರ್ಷ ಹಾಗೇ ನಡೆಯಿತು, 2021ರ ಜನವರಿಯಲ್ಲಿ ರಾಜಿ ಆಯಿತು.

ಬಳ್ಳಾರಿ ಕೋಟೆ

ಡಾಲ್ಫಿನ್ ಪೈಪಿನ ವಿಷಯ ನನಗೆ ಗೊತ್ತಿರಲಿಲ್ಲ ಮೇಡಂ. ಆದರೂ ಧರ್ಮವನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬರುತ್ತಿಲ್ಲ.

ಕೊಪ್ಪಳ ಲೆಕ್ಚರರ್

ತಳ್ಳಿಹಾಕಬೇಡಿ ಸರ್. ಜಗಳ ಯಾಕೆ ಹುಟ್ಟಿತು ಅನ್ನುವುದಕ್ಕೆ ಧರ್ಮ, ಗಡಿ, ಅಭಿಮಾನ ಎಲ್ಲ ಬೇಕು. ಜಗಳ ಎಲ್ಲಿ ನಿಲ್ಲುತ್ತದೆ, ಯಾವ ಬಾಗಿಲು ತೆರೆದೇ ಇರುತ್ತದೆ ಅನ್ನುವುದಕ್ಕೆ ತೈಲ ಬೇಕು.

ಒಂದು ಚಿತ್ರ ಹೇಳುತ್ತೇನೆ. 1980ರ ಡಿಸೆಂಬರ್, ಇಂಡೋನೇಷ್ಯಾದ ಬಾಲಿಯಲ್ಲಿ ಒಪೆಕ್ ಸಭೆ. ಇರಾಕ್ ಇರಾನ್ ಮೇಲೆ ಬಿದ್ದು ಮೂರು ತಿಂಗಳೂ ಆಗಿಲ್ಲ. ಇರಾನಿನ ತೈಲ ಮಂತ್ರಿ ತೊಂದ್‌ಗೂಯಾನ್ ಅಬಾದಾನ್ ಹತ್ತಿರ ಇರಾಕ್ ಸೈನಿಕರ ಕೈಗೆ ಸೆರೆ ಸಿಕ್ಕಿದ್ದರು. ಇರಾನಿನ ನಿಯೋಗ ಸಭೆಗೆ ಬಂತು. ಮಂತ್ರಿಯ ಕುರ್ಚಿಯಲ್ಲಿ ಅವರ ದೊಡ್ಡ ಫೋಟೋ ಇಟ್ಟಿತು. ಅದೇ ಕೋಣೆಯಲ್ಲಿ ಇರಾಕಿನವರೂ ಇದ್ದರು. ಆ ಫೋಟೋದ ಎದುರೇ ಬೆಲೆಯ ಲೆಕ್ಕ ನಡೆಯಿತು. ಮಂತ್ರಿ ಮನೆಗೆ ಮರಳಲಿಲ್ಲ, ಸೆರೆಯಲ್ಲೇ ತೀರಿಕೊಂಡರು. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ.

ಗಂಗಾವತಿ ಮೇಲ್ದಂಡೆ

ಮಾನ್ವಿಯವರ ಕಾಲುವೆ ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಅದು ಹೊಂದುವುದಿಲ್ಲ. ನಮಗೆ ಐಸಿಸಿ ಸಭೆ, ಅಂದರೆ ನೀರಾವರಿ ಸಲಹಾ ಸಮಿತಿ ಇದೆ. ಎಂಜಿನಿಯರ್ ಇದ್ದಾರೆ. ವಾರಾಬಂದಿ, ಅಂದರೆ ಸರದಿ ಮೇಲೆ ನೀರು, ಮಾಡಿದರೆ ಪೊಲೀಸರನ್ನು ಕರೆದುಕೊಂಡು ಬಂದು ತೂಬು ಇಳಿಸುತ್ತಾರೆ. ಒಪೆಕ್‌ನಲ್ಲಿ ಅಂಥವರು ಯಾರು? 1960ರ ಸೆಪ್ಟೆಂಬರ್‌ನಲ್ಲಿ ಬಾಗ್ದಾದ್‌ನಲ್ಲಿ ಇರಾನ್, ಇರಾಕ್, ಕುವೈತ್, ಸೌದಿ, ವೆನೆಜುವೆಲಾ ಸೇರಿ ಕಟ್ಟಿದ್ದು. ಆಗ ಅವರ ಜಗಳ ವಿದೇಶಿ ಕಂಪನಿಗಳ ಜೊತೆ. ಹೇಳದೆ ಕೇಳದೆ ಬೆಲೆ ಇಳಿಸುತ್ತಿದ್ದವರು ಆ ಕಂಪನಿಗಳು. ಎದುರಾಳಿ ಹೊರಗಿದ್ದಾಗ ಒಗ್ಗಟ್ಟು ಸುಲಭ. ಬಾವಿಗಳು ಸ್ವಂತ ಕೈಗೆ ಬಂದ ಮೇಲೆ, 1982ರಲ್ಲಿ ಕೋಟಾ ಹಾಕಿಕೊಂಡರು. ಅಲ್ಲಿಂದ ಒಬ್ಬರ ಕಣ್ಣು ಇನ್ನೊಬ್ಬರ ತೂಬಿನ ಮೇಲೆ.

ಸಂಡೂರು ಲಾರಿ

ಅಲ್ಲಿ ಪೊಲೀಸ್ ಇಲ್ಲದಿದ್ದರೂ ಒಬ್ಬ ದೊಡ್ಡ ಗೌಡ ಇದ್ದಾನೆ, ಸೌದಿ. ಅವನ ಕೈಯಲ್ಲಿ ಯಾವಾಗಲೂ ಸ್ವಲ್ಪ ಕಾಯ್ದಿಟ್ಟ ಸಾಮರ್ಥ್ಯ ಇರುತ್ತದೆ. ಬೇಕೆಂದಾಗ ಏರಿಸಬಹುದು, ಇಳಿಸಬಹುದು.

1980ರ ದಶಕದ ಕಥೆ ನೋಡಿ. ಉಳಿದವರು ಕೋಟಾ ಮೀರಿ ಮಾರುತ್ತಿದ್ದರು, ಒಳಗೊಳಗೇ ರಿಯಾಯಿತಿ ಕೊಡುತ್ತಿದ್ದರು. ಬೆಲೆ ಬೀಳದಂತೆ ತಡೆಯಲು ಸೌದಿ ಒಂದೇ ತನ್ನ ಉತ್ಪಾದನೆ ಇಳಿಸುತ್ತಾ ಹೋಯಿತು. ದಶಕದ ಆರಂಭದಲ್ಲಿ ದಿನಕ್ಕೆ ಸುಮಾರು ಒಂದು ಕೋಟಿ ಬ್ಯಾರೆಲ್ ಎತ್ತುತ್ತಿದ್ದ ದೇಶ 1985ರ ಮಧ್ಯದ ಹೊತ್ತಿಗೆ ಸುಮಾರು 20 ಲಕ್ಷಕ್ಕೆ ಬಂತು. ಕೊನೆಗೆ ತಾಳ್ಮೆ ಹೋಯಿತು, ತೂಬು ಪೂರ್ತಿ ಎತ್ತಿತು. 1986ರಲ್ಲಿ ಬೆಲೆ 10 ಡಾಲರ್ ಆಸುಪಾಸಿಗೆ ಬಿತ್ತು. ಯುದ್ಧದ ಖರ್ಚಿಗೆ ತೈಲವನ್ನೇ ನಂಬಿದ್ದ ಇರಾನ್ ಕಷ್ಟಕ್ಕೆ ಬಿತ್ತು. ಒಪೆಕ್‌ನಲ್ಲೇ ಇಲ್ಲದ ಸೋವಿಯತ್ ಒಕ್ಕೂಟದ ಆದಾಯವೂ ಕುಸಿಯಿತು. ಆ ಡಿಸೆಂಬರಿನಲ್ಲಿ ಎಲ್ಲರೂ ಮತ್ತೆ ಸೇರಿ 18 ಡಾಲರ್ ಗುರಿ ಇಟ್ಟರು. ಅಷ್ಟರಲ್ಲಿ ಸೌದಿಯ ಪ್ರಸಿದ್ಧ ತೈಲ ಮಂತ್ರಿ ಯಮಾನಿ ಕೆಲಸ ಕಳೆದುಕೊಂಡಿದ್ದರು.

ಒಬ್ಬರೇ ಬೆಲೆ ಹಿಡಿದು ನಿಲ್ಲುವುದು ಎಷ್ಟು ಕಷ್ಟ ಅಂತ ಬಾಡಿಗೆ ಲಾರಿಯವರಿಗೆ ಗೊತ್ತು. ಎಲ್ಲರೂ ಸೇರಿ ಟನ್ನಿಗೆ ಇಷ್ಟು ಅಂತ ಮಾತಾಡಿಕೊಳ್ಳುತ್ತೇವೆ. ರಾತ್ರಿ ಒಬ್ಬ ಹೋಗಿ 20 ರೂಪಾಯಿ ಕಡಿಮೆಗೆ ಲೋಡ್ ಹತ್ತಿಸಿರುತ್ತಾನೆ. ಅವನ ಮನೆಯಲ್ಲಿ ಮಗಳ ಫೀಸು ಕಟ್ಟಬೇಕಿರುತ್ತದೆ. ಅವನನ್ನು ಬೈಯಲೂ ಆಗುವುದಿಲ್ಲ.

ಸಿಂಧನೂರು ಹುಡುಗ

ನಾನು ಕೆಎಎಸ್‌ಗೆ ಓದುತ್ತಿದ್ದೇನೆ. ರಷ್ಯಾ ಒಪೆಕ್ ಸದಸ್ಯ ಅಲ್ಲ, ಆದರೂ ಸೌದಿ ಜೊತೆ ಸೇರಿ ಉತ್ಪಾದನೆ ಇಳಿಸುತ್ತದೆ ಅಂತ ಓದಿದೆ. ಅಫ್ಘಾನಿಸ್ತಾನದಲ್ಲಿ ಇಬ್ಬರೂ ಎದುರು ಬದುರು ಇದ್ದವರು. ಸಿರಿಯಾದಲ್ಲೂ ಬೇರೆ ಬೇರೆ ಪಕ್ಷ. ಒಂದಾಗಿದ್ದು ಹೇಗೆ?

ಕೊಪ್ಪಳ ಲೆಕ್ಚರರ್

ತಮ್ಮಾ, ಅಮೆರಿಕದಲ್ಲಿ ಶೇಲ್ ಬಂಡೆ ಒಡೆದು ತೈಲ ತೆಗೆಯುವುದು ಜೋರಾಯಿತು. 2014ರಲ್ಲಿ ಬೆಲೆ ಕುಸಿಯಿತು. ಒಪೆಕ್ ಒಂದೇ ಇಳಿಸಿದರೆ ಸಾಲದು ಅಂತ ಸೌದಿಗೆ ಗೊತ್ತಾಯಿತು. 2016ರ ಡಿಸೆಂಬರಿನಲ್ಲಿ ರಷ್ಯಾ ಸೇರಿ ಹೊರಗಿನ ದೇಶಗಳೂ ಜೊತೆಯಾದವು. ಅದೇ ಒಪೆಕ್ ಪ್ಲಸ್. ಮರುವರ್ಷ ಅಕ್ಟೋಬರಿನಲ್ಲಿ ಸೌದಿ ದೊರೆ ಸಲ್ಮಾನ್ ಮಾಸ್ಕೋಗೆ ಹೋದರು. ಸೌದಿ ದೊರೆಯೊಬ್ಬರು ರಷ್ಯಾಕ್ಕೆ ಹೋಗಿದ್ದು ಅದೇ ಮೊದಲು.

ಈ ನಂಟು ಒಮ್ಮೆ ಕಿತ್ತುಹೋಯಿತು. 2020ರ ಮಾರ್ಚ್ 6, ವಿಯೆನ್ನಾ. ಕೊರೋನಾದಿಂದ ಬೇಡಿಕೆ ಬೀಳುತ್ತಿತ್ತು. ಇನ್ನಷ್ಟು ಇಳಿಸೋಣ ಅಂತ ಸೌದಿ ಹೇಳಿತು, ರಷ್ಯಾ ಒಲ್ಲೆ ಅಂತು. ಸೌದಿ ತಕ್ಷಣ ಬೆಲೆ ಕಡಿದು ತೂಬು ಎತ್ತಿತು. ಒಂದು ತಿಂಗಳು ಇಬ್ಬರೂ ಸೋತರು. ಏಪ್ರಿಲ್ 12ಕ್ಕೆ ರಾಜಿ, ದಿನಕ್ಕೆ 97 ಲಕ್ಷ ಬ್ಯಾರೆಲ್ ಕಡಿತ. ಆ ರಾಜಿಯನ್ನು ಕೊನೆ ಗಳಿಗೆಯಲ್ಲಿ ಮೆಕ್ಸಿಕೋ ಹಿಡಿದು ನಿಲ್ಲಿಸಿತ್ತು. 4 ಲಕ್ಷ ಇಳಿಸಿ ಅಂದರೆ 1 ಲಕ್ಷಕ್ಕಿಂತ ಜಾಸ್ತಿ ಆಗುವುದಿಲ್ಲ ಅಂತ ಪಟ್ಟು. ಅದಕ್ಕೇ ಇಡೀ ಜಗತ್ತು ಮೂರು ದಿನ ಕಾಯಿತು. ಆದರೂ ತಡವಾಗಿತ್ತು. ಏಪ್ರಿಲ್ 20ರಂದು ಅಮೆರಿಕದಲ್ಲಿ ಮೇ ತಿಂಗಳಲ್ಲಿ ತೈಲ ಕೊಡುವ ಕರಾರಿನ ಬೆಲೆ ಸೊನ್ನೆಗಿಂತ 37.63 ಡಾಲರ್ ಕೆಳಗೆ ಹೋಯಿತು, ಅಂದರೆ ಮಾರುವವನೇ ದುಡ್ಡು ಕೊಟ್ಟು ಒಯ್ಯಿರಿ ಅನ್ನುವ ಸ್ಥಿತಿ.

ಗಂಗಾವತಿ ಮೇಲ್ದಂಡೆ

ಆಗ ನಮ್ಮ ಬಂಕಿನಲ್ಲಿ ಡೀಸೆಲ್ ಇಳಿಯಲೇ ಇಲ್ಲ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಪೆಟ್ರೋಲ್‌ಗೆ 10, ಡೀಸೆಲ್‌ಗೆ 13 ರೂಪಾಯಿ ಏರಿಸಿತು. ಬೆಲೆ ಬಿದ್ದ ಲಾಭ ಗದ್ದೆ ತನಕ ಬರಲಿಲ್ಲ. ಏರಿದಾಗ ಮಾತ್ರ ನಮ್ಮ ತನಕ ಬರುತ್ತದೆ. ವಿಷಯಕ್ಕೆ ಸ್ವಲ್ಪ ಹೊರಗಿನ ಮಾತು, ಆದರೂ ಹೇಳದೆ ಇರಲು ಆಗಲಿಲ್ಲ.

ಹಟ್ಟಿ ನಿವೃತ್ತ

ಗಣಿಯಲ್ಲಿ ಕೆಲಸ ಮಾಡಿದವನು ನಾನು. ಒಂದೇ ಪದರ ಇಬ್ಬರ ನೆಲದಡಿ ಹೋದಾಗ ಏನಾಗುತ್ತದೆ ಅನ್ನುವುದರಲ್ಲಿ ನನಗೆ ಆಸಕ್ತಿ. ಸೌದಿ, ಕುವೈತ್ ನಡುವೆ ಒಂದು ತಟಸ್ಥ ವಲಯ ಇದೆ. 1922ರಲ್ಲಿ ಬ್ರಿಟಿಷರು ಗಡಿ ಗೆರೆ ಎಳೆಯುವಾಗ ಅದನ್ನು ಇಬ್ಬರಿಗೂ ಸಮ ಅಂತ ಬಿಟ್ಟರು. ಆಮೇಲೆ ಅಲ್ಲೇ ತೈಲ ಸಿಕ್ಕಿತು. ಇಬ್ಬರೂ ಅರ್ಧರ್ಧ ಹಂಚಿಕೊಂಡು ಬಂದರು. ಇಷ್ಟು ಹತ್ತಿರದವರು, 1990ರಲ್ಲಿ ಕುವೈತ್ ರಾಜಮನೆತನಕ್ಕೆ ಆಸರೆ ಕೊಟ್ಟಿದ್ದೇ ಸೌದಿ. ಆದರೂ 2014ರಲ್ಲಿ ಖಫ್ಜಿ, ಮರುವರ್ಷ ವಫ್ರಾ, ಎರಡೂ ತೈಲ ಕ್ಷೇತ್ರ ನಿಂತವು. ಜಗಳ ಬಿಡಿಸಿ 2019ರ ಡಿಸೆಂಬರಿನಲ್ಲಿ ಸಹಿ ಹಾಕುವ ತನಕ ಅಲ್ಲಿಂದ ತೈಲ ಬರಲಿಲ್ಲ. ಗುಂಡು ಹಾರಲಿಲ್ಲ, ಬೈಗುಳ ಇಲ್ಲ. ಸುಮ್ನೆ ಐದು ವರ್ಷ ಬಾವಿ ಬಂದ್.

ನನ್ನ ಲೆಕ್ಕದಲ್ಲಿ ಇರಾಕ್ ಮತ್ತು ಕುವೈತ್ ನಡುವೆ ಇಂಥ ಹಳೇ ಹಂಚಿಕೆ ಕಾಗದ ಇರಲಿಲ್ಲ. ರುಮೈಲಾ ಬಗ್ಗೆ ಒಪ್ಪಂದ ಇದ್ದಿದ್ದರೆ ಜಗಳಕ್ಕೆ ಒಂದು ನೆಪ ಕಡಿಮೆ ಆಗುತ್ತಿತ್ತು.

ಸಿಂಧನೂರು ಹುಡುಗ

ಇದನ್ನೆಲ್ಲ ಓದಿ ನನಗೆ ಸುಡಾನ್ ನೆನಪಾಯಿತು. 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ಬಾವಿಗಳಲ್ಲಿ ಹೆಚ್ಚಿನವು ದಕ್ಷಿಣಕ್ಕೆ ಹೋದವು. ಪೈಪ್ ಮತ್ತು ಬಂದರು ಉತ್ತರದಲ್ಲಿ ಉಳಿದವು. ಪೈಪಿನಲ್ಲಿ ಬಿಡಲು ಬ್ಯಾರೆಲ್‌ಗೆ 36 ಡಾಲರ್ ಕೊಡು ಅಂತ ಉತ್ತರ ಕೇಳಿತು. ದಕ್ಷಿಣ ಒಂದು ಡಾಲರಿಗೂ ಕಡಿಮೆ ಕೊಡುತ್ತೇನೆ ಅಂತು. ಉತ್ತರ ನಮ್ಮ ತೈಲ ಕದಿಯುತ್ತಿದೆ ಅಂತ 2012ರ ಜನವರಿಯಲ್ಲಿ ದಕ್ಷಿಣ ತನ್ನ ಬಾವಿಗಳನ್ನೇ ಮುಚ್ಚಿತು. ಅದರ ಸರ್ಕಾರದ ಆದಾಯದಲ್ಲಿ ನೂರಕ್ಕೆ 98 ತೈಲದ್ದೇ! ಏಪ್ರಿಲ್‌ನಲ್ಲಿ ಹೆಗ್ಲಿಗ್ ತೈಲ ಕ್ಷೇತ್ರಕ್ಕಾಗಿ ಯುದ್ಧವೂ ಆಯಿತು. ಸೆಪ್ಟೆಂಬರಿನಲ್ಲಿ ಆಡಿಸ್ ಅಬಾಬಾದಲ್ಲಿ ಒಪ್ಪಂದ. 2013ರಲ್ಲಿ ತೈಲ ಮತ್ತೆ ಹರಿಯಿತು.

ನಮ್ಮ ಒಎನ್‌ಜಿಸಿ ವಿದೇಶ್ ಕಂಪನಿಗೂ ಅಲ್ಲಿ ಪಾಲಿತ್ತು. ಅದಕ್ಕೇ ಭಾರತ ಇಬ್ಬರ ಜೊತೆಗೂ ಮಾತಾಡಬೇಕಾಯಿತು.

ಮಾನ್ವಿ ಟೇಲೆಂಡ್

ತಮ್ಮಾ, ಸಿಟ್ಟಿನಲ್ಲಿ ತನ್ನ ಬಾವಿಯನ್ನೇ ಮುಚ್ಚಿದ್ದು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ.

ಹಟ್ಟಿಯವರು ಹೇಳಿದ ಹಂಚಿಕೆ ಕಾಗದದ ಮಾತು ನನಗೆ ಬಹಳ ಹಿಡಿಸಿತು. ಕಾಗದ ಇದ್ದರೂ ಜಗಳ ತಪ್ಪುವುದಿಲ್ಲ ಅನ್ನುವುದಕ್ಕೆ ಒಂದು ಸೇರಿಸುತ್ತೇನೆ. 1975ರ ಮಾರ್ಚ್‌ನಲ್ಲಿ ಅಲ್ಜಿಯರ್ಸ್‌ನಲ್ಲಿ ಒಪೆಕ್ ನಾಯಕರ ಸಭೆ ಇತ್ತು. ಅಲ್ಲಿಗೆ ಬಂದಿದ್ದ ಇರಾನಿನ ಷಾ, ಇರಾಕಿನ ಸದ್ದಾಂ ಇಬ್ಬರನ್ನೂ ಅಲ್ಜೀರಿಯಾದ ಅಧ್ಯಕ್ಷ ಬೂಮೇದಿಯನ್ ಕೂರಿಸಿ ಶತ್ ಅಲ್ ಅರಬ್ ನದಿಯ ಗಡಿ ರಾಜಿ ಮಾಡಿಸಿದರು. ತೈಲದ ಸಭೆಯಲ್ಲಿ ನದಿಯ ಜಗಳ ಬಗೆಹರಿಯಿತು. ಐದೇ ವರ್ಷಕ್ಕೆ ಸದ್ದಾಂ ಆ ಒಪ್ಪಂದವನ್ನು ಹರಿದು ಹಾಕಿ ಯುದ್ಧಕ್ಕೆ ಹೊರಟರು.

ಬಳ್ಳಾರಿ ಕೋಟೆ

ಈಗ ಒಪೆಕ್ ಬಿಟ್ಟು ಹೋಗುವವರೂ ಇದ್ದಾರಲ್ಲ?

ಸಂಡೂರು ಲಾರಿ

ಇದ್ದಾರೆ. ಕತಾರ್ 2019ರ ಜನವರಿಯಲ್ಲಿ, ಎಕ್ವಡಾರ್ 2020ರಲ್ಲಿ, ಅಂಗೋಲಾ 2024ರಲ್ಲಿ. ಅಂಗೋಲಾಕ್ಕೆ ಕೊಟ್ಟ ಕೋಟಾ ಸಾಲದು ಅನ್ನಿಸಿತ್ತು. ಎಮಿರೇಟ್ಸ್ 2021ರ ಜುಲೈನಲ್ಲಿ ಸೌದಿಗೇ ಎದುರು ನಿಂತಿತು. ಹೊಸ ಬಾವಿಗೆ ಇಷ್ಟು ದುಡ್ಡು ಹಾಕಿದ್ದೇವೆ, ಕೋಟಾ ಲೆಕ್ಕಕ್ಕೆ ಹಿಡಿಯುವ ನಮ್ಮ ಉತ್ಪಾದನೆಯ ಮಟ್ಟ ಏರಿಸಿ ಅಂತ. ದಿನಕ್ಕೆ 31.68 ಲಕ್ಷ ಬ್ಯಾರೆಲ್‌ನಿಂದ 35 ಲಕ್ಷಕ್ಕೆ ಒಪ್ಪಿಸಿಕೊಂಡೇ ಬಿಟ್ಟಿತು.

ಗಂಗಾವತಿ ಮೇಲ್ದಂಡೆ

ಮಾನ್ವಿಯವರೇ, ನಿಮ್ಮ ಅಣ್ಣನವರು ಇದನ್ನೆಲ್ಲ ಓದಿದರಾ? ಏನಂದರು? ಬಾಕಿ ಪಗಾರ ಅಲ್ಲೇ ಹೋಯಿತಾ?

ಮಾನ್ವಿ ಟೇಲೆಂಡ್

ಓದಿ ಹೇಳಿದೆ ಅಕ್ಕಾ. ಪೂರ್ತಿ ಕೇಳಿದ. ಎದ್ದು ಹೋಗಿ ಟ್ರಂಕಿನಿಂದ ಒಂದು ಕಾಗದ ತಂದ. ಮಡಚಿ ಮಡಚಿ ಮಡಿಕೆಯಲ್ಲಿ ಹರಿದಿದೆ. ಅದು ಪರಿಹಾರದ ಅರ್ಜಿಯ ನಕಲು.

1991ರಲ್ಲಿ ವಿಶ್ವಸಂಸ್ಥೆ ಜಿನೀವಾದಲ್ಲಿ ಒಂದು ಪರಿಹಾರ ಆಯೋಗ ಮಾಡಿತ್ತು. ಇರಾಕ್ ತೈಲ ಮಾರಿದ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೆ ಹೋಗಬೇಕು. ಮೊದಲು ನೂರಕ್ಕೆ 30, ಆಮೇಲೆ ಇಳಿಸುತ್ತಾ ಬಂದರು. ಕುವೈತ್ ಬಿಟ್ಟು ಓಡಿಬಂದ ಕೂಲಿಯವರಿಗೆ ಮೊದಲ ಸಾಲಿನಲ್ಲಿ ಕೊಟ್ಟರು. ಆಮೇಲೆ ಕಂಪನಿಗಳು, ಸರ್ಕಾರಗಳು. ಒಟ್ಟು 5,240 ಕೋಟಿ ಡಾಲರ್. ಇರಾಕ್ ಕೊನೆಯ ಕಂತು ಕಟ್ಟಿದ್ದು 2022ರ ಜನವರಿಯಲ್ಲಿ. ಸದ್ದಾಂ ಹೋಗಿ ಎಷ್ಟೋ ವರ್ಷ ಆಗಿತ್ತು, ಸಾಲ ಮಾತ್ರ ಹೊಸ ಸರ್ಕಾರದ ತಲೆ ಮೇಲೆ ಉಳಿದಿತ್ತು.

ಅಣ್ಣನಿಗೆ ಸಿಕ್ಕಿದ್ದು ಎರಡೂವರೆ ಸಾವಿರ ಡಾಲರ್. ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ ಬಂತು. ಅದು ಇರಾಕಿನ ತೈಲದ ದುಡ್ಡು ಅಂತ ಅವನಿಗೆ ಇವತ್ತೇ ಗೊತ್ತಾಗಿದ್ದು, ಇಷ್ಟು ದಿನ ನಮ್ಮ ಸರ್ಕಾರ ಕೊಟ್ಟಿದ್ದು ಅಂದುಕೊಂಡಿದ್ದ. ಆ ದುಡ್ಡಿನಲ್ಲಿ ಮನೆಯ ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿದ್ದ. ಈಗ ಅದರ ಮೇಲೆ ನಮ್ಮ ಭತ್ತ ಒಣಗುತ್ತಿದೆ.